ಮನೆಯ ಭದ್ರತಾ ಕ್ಯಾಮೆರಾ: ದೃಶ್ಯ ದಾಖಲು ವ್ಯವಸ್ಥೆಯ ಆಯ್ಕೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮನೆಗೆ ಸಿ.ಸಿ. ಟಿ.ವಿ. ಕ್ಯಾಮೆರಾ ಅಳವಡಿಸಿಕೊಳ್ಳುವ ನಾಗರಿಕರ ಗಮನವು ಸಾಮಾನ್ಯವಾಗಿ ಕ್ಯಾಮೆರಾಗಳ ಸಂಖ್ಯೆ ಮತ್ತು ಬೆಲೆಯ ಮೇಲೆ ಇರುತ್ತದೆ. ಕ್ಯಾಮೆರಾ ಕಂಡದ್ದನ್ನು ಉಳಿಸಿಡುವ ರೆಕಾರ್ಡರ್ ಪೆಟ್ಟಿಗೆಯ ವಿಚಾರದಲ್ಲಿ ಮಾತ್ರ ಅಂಗಡಿಯವರು ಕೊಟ್ಟದ್ದೇ ಆಯ್ಕೆಯಾಗುತ್ತದೆ. ಕಳವಿನ ದೂರು ದಾಖಲಾದ ನಂತರ ತನಿಖಾಧಿಕಾರಿಯು ಮೊದಲು ಕೇಳುವುದು ಆ ಪೆಟ್ಟಿಗೆಯಲ್ಲಿ ಏನು ಉಳಿದಿದೆ ಎಂಬುದನ್ನೇ.

ಬೇಸಿಗೆ ರಜೆಯಲ್ಲಿ ಅಥವಾ ಮದುವೆ ನಿಮಿತ್ತ ಹದಿನೈದು ದಿನ ಮನೆಗೆ ಬೀಗ ಹಾಕಿ ಊರಿಗೆ ಹೋದ ಕುಟುಂಬವೊಂದನ್ನು ಊಹಿಸಬಹುದು. ಹೊರಟ ಮೂರನೆಯ ರಾತ್ರಿ ಬೀಗ ಒಡೆಯಲಾಗಿದೆ. ಹಿಂದಿರುಗಿ ನೋಡಿದಾಗ ನಾಲ್ಕು ಕ್ಯಾಮೆರಾಗಳೂ ಸುಸ್ಥಿತಿಯಲ್ಲಿವೆ, ರೆಕಾರ್ಡರ್ ಕೂಡ ನಡೆಯುತ್ತಿದೆ, ಆದರೆ ಅದರಲ್ಲಿರುವುದು ಕಳೆದ ಆರು ದಿನಗಳ ದೃಶ್ಯ ಮಾತ್ರ. ಯಂತ್ರವು ಕೆಟ್ಟಿಲ್ಲ, ಜಾಗ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು ಅದರ ಸ್ವಭಾವ. ಆದುದರಿಂದ ವ್ಯವಸ್ಥೆಯನ್ನು ಕೊಳ್ಳುವ ಮೊದಲೇ, ದೃಶ್ಯವನ್ನು ಹಾಜರುಪಡಿಸಬೇಕಾದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರುವುದು ಸೂಕ್ತ.

ಲಭ್ಯವಿರುವ ವಿಧಗಳು

ಮನೆಬಳಕೆಗೆ ದೊರೆಯುವ ದಾಖಲು ವ್ಯವಸ್ಥೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡಬಹುದು. ಡಿ.ವಿ.ಆರ್. ವ್ಯವಸ್ಥೆಯಲ್ಲಿ ಪ್ರತಿ ಕ್ಯಾಮೆರಾದಿಂದ ಕೋಆಕ್ಸಿಯಲ್ ಕೇಬಲ್ ರೆಕಾರ್ಡರ್‌ಗೆ ಬರುತ್ತದೆ ಮತ್ತು ದೃಶ್ಯವನ್ನು ಸಂಕುಚಿಸುವ ಕೆಲಸವನ್ನು ರೆಕಾರ್ಡರ್ ಮಾಡುತ್ತದೆ. ಇದು ಅಗ್ಗವಾದುದು, ಹಳೆಯ ಕೇಬಲ್ ಈಗಾಗಲೇ ಗೋಡೆಯಲ್ಲಿದ್ದರೆ ಅದನ್ನೇ ಬಳಸಿಕೊಳ್ಳಬಹುದು. ಎನ್.ವಿ.ಆರ್. ವ್ಯವಸ್ಥೆಯಲ್ಲಿ ಕ್ಯಾಮೆರಾ ತಾನೇ ದೃಶ್ಯವನ್ನು ಸಂಕುಚಿಸಿ ನೆಟ್‌ವರ್ಕ್ ಕೇಬಲ್ ಮೂಲಕ ಕಳುಹಿಸುತ್ತದೆ. ಪಿ.ಒ.ಇ. ಸೌಲಭ್ಯವಿರುವ ರೆಕಾರ್ಡರ್ ಆದರೆ ಅದೇ ಕೇಬಲ್‌ನಲ್ಲಿ ವಿದ್ಯುತ್ತೂ ಹೋಗುವುದರಿಂದ ಪ್ರತಿ ಕ್ಯಾಮೆರಾದ ಬಳಿ ಪ್ರತ್ಯೇಕ ಅಡಾಪ್ಟರ್ ಬೇಕಿಲ್ಲ. ಒಂದು ಎಳೆಯ ಉದ್ದ 100 ಮೀಟರ್ ಮೀರದಿದ್ದರೆ ಸಾಕು. ಹೊಸದಾಗಿ ಮನೆ ಕಟ್ಟುತ್ತಿರುವವರು ಗೋಡೆಯ ಪ್ಲಾಸ್ಟರಿಂಗ್‌ಗೆ ಮೊದಲೇ ಈ ಕೇಬಲ್‌ಗೆ ಪೈಪು ಹಾಕಿಸಿಕೊಂಡಲ್ಲಿ ಮುಂದೆ ಬಹಳಷ್ಟು ಖರ್ಚು ಉಳಿಯುತ್ತದೆ.

ಮೂರನೆಯದು ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್ ಇರುವ ವೈ-ಫೈ ಕ್ಯಾಮೆರಾ. ಬಾಡಿಗೆ ಮನೆಯಲ್ಲಿರುವವರಿಗೆ ಇದು ಅನುಕೂಲಕರ. ಆದರೆ ಕ್ಯಾಮೆರಾವನ್ನು ಕಿತ್ತೊಯ್ದವನು ದಾಖಲೆಯನ್ನೂ ಜೊತೆಗೇ ಒಯ್ಯುತ್ತಾನೆ ಎಂಬುದನ್ನು ಮರೆಯುವಂತಿಲ್ಲ. ಸತತವಾಗಿ ಬರೆದು ಅಳಿಸುವುದರಿಂದ ಸಾಧಾರಣ ಕಾರ್ಡುಗಳು ಬೇಗ ಸವೆಯುತ್ತವೆ; ಇಂತಹ ಬಳಕೆಗೆಂದೇ ತಯಾರಾದ, ಹೆಚ್ಚು ಬಾಳಿಕೆಯ ಕಾರ್ಡನ್ನೇ ಕೊಳ್ಳತಕ್ಕದ್ದು. ನಾಲ್ಕನೆಯದು ದೃಶ್ಯವನ್ನು ಅಂತರ್ಜಾಲದ ಮೂಲಕ ಕಂಪನಿಯ ಸರ್ವರ್‌ಗೆ ಕಳುಹಿಸುವ ಕ್ಲೌಡ್ ಸೇವೆ. ಕಳ್ಳನ ಕೈಗೆ ಸಿಗದಿರುವುದು ಇದರ ದೊಡ್ಡ ಗುಣ. ತಿಂಗಳ ಶುಲ್ಕ ನಿಂತ ದಿನ ದಾಖಲೆಯೂ ನಿಲ್ಲುವುದು ಇದರ ದೋಷ. ಅಲ್ಲದೆ ಇಂತಹ ಬಹುತೇಕ ಅಗ್ಗದ ಯೋಜನೆಗಳು ಚಲನೆ ಕಂಡಾಗಿನ ತುಣುಕುಗಳನ್ನಷ್ಟೇ ಉಳಿಸುತ್ತವೆ.

ಸ್ವಂತ ಮನೆಗೆ ನಾಲ್ಕು ಅಥವಾ ಎಂಟು ಕ್ಯಾಮೆರಾದ ರೆಕಾರ್ಡರ್ ಪೆಟ್ಟಿಗೆಯನ್ನು ಮುಖ್ಯ ದಾಖಲೆಯಾಗಿ ಇಟ್ಟುಕೊಂಡು, ಬಾಗಿಲಿನ ಕ್ಯಾಮೆರಾ ಒಂದರ ದೃಶ್ಯವನ್ನು ಮಾತ್ರ ಮೆಮೊರಿ ಕಾರ್ಡಿನಲ್ಲಿಯೋ ಕ್ಲೌಡ್‌ನಲ್ಲಿಯೋ ಎರಡನೆಯ ಪ್ರತಿಯಾಗಿ ಇರಿಸಿಕೊಳ್ಳುವುದು ಹೆಚ್ಚಿನವರಿಗೆ ಹೊಂದುವ ವ್ಯವಸ್ಥೆ.

ಎಷ್ಟು ದಿನದ ದಾಖಲೆ ಬೇಕು

ಇದು ಆಯ್ಕೆಯ ಮುಖ್ಯ ಪ್ರಶ್ನೆ. ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮ, 2017ರ ಪ್ರಕಾರ ಏಕಕಾಲದಲ್ಲಿ 100 ಅಥವಾ ದಿನವೊಂದಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನಗಳ ದೃಶ್ಯವನ್ನು ಉಳಿಸಿಡಬೇಕು. ಪೊಲೀಸ್ ಠಾಣೆಗಳ ಕ್ಯಾಮೆರಾಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್‌ನಲ್ಲಿ 18 ತಿಂಗಳ, ಅದು ಸಾಧ್ಯವಿಲ್ಲದಲ್ಲಿ ಕನಿಷ್ಠ ಒಂದು ವರ್ಷದ ಸಂಗ್ರಹವನ್ನು ವಿಧಿಸಿದೆ. ಖಾಸಗಿ ವಾಸದ ಮನೆಗೆ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಆದಾಗ್ಯೂ 30 ದಿನ ಎಂಬುದು ಮನೆಗೂ ಒಳ್ಳೆಯ ಅಳತೆ. ಏಕೆಂದರೆ ಬೀಗ ಮುರಿದದ್ದು ತಕ್ಷಣ ಗೊತ್ತಾಗುತ್ತದೆ. ಬೀರುವಿನ ಒಡವೆ ಕಾಣೆಯಾದದ್ದು ಮುಂದಿನ ಹಬ್ಬಕ್ಕೋ ಶುಭಕಾರ್ಯಕ್ಕೋ ಬೀರು ತೆರೆದಾಗ ಗೊತ್ತಾಗುತ್ತದೆ.

ದಿನಗಳ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಕ್ಯಾಮೆರಾ ಪ್ರತಿ ಸೆಕೆಂಡಿಗೆ ಕಳುಹಿಸುವ ಮಾಹಿತಿಯ ಪ್ರಮಾಣಕ್ಕೆ ಬಿಟ್ ದರ ಎನ್ನುತ್ತಾರೆ. ರೆಕಾರ್ಡರ್‌ನ ಸೆಟ್ಟಿಂಗ್ ಪುಟದಲ್ಲಿ ಇದು ಎಂ.ಬಿ.ಪಿ.ಎಸ್. ಅಥವಾ ಕೆ.ಬಿ.ಪಿ.ಎಸ್. ಲೆಕ್ಕದಲ್ಲಿ ಕಾಣುತ್ತದೆ, 1,000 ಕೆ.ಬಿ.ಪಿ.ಎಸ್. ಒಂದು ಎಂ.ಬಿ.ಪಿ.ಎಸ್.ಗೆ ಸಮ. ಎಂ.ಬಿ.ಪಿ.ಎಸ್. ಸಂಖ್ಯೆಯನ್ನು 10.8ರಿಂದ ಗುಣಿಸಿದರೆ ಒಂದು ಕ್ಯಾಮೆರಾ ಒಂದು ದಿನಕ್ಕೆ ತುಂಬುವ ಗಿಗಾಬೈಟ್ ದೊರೆಯುತ್ತದೆ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್. 264 ಎಂಬ ಹಳೆಯ ಸಂಕೋಚನ ಕ್ರಮದಲ್ಲಿ 4 ಎಂ.ಬಿ.ಪಿ.ಎಸ್.ಗೆ ಇರಿಸಿದ್ದಲ್ಲಿ ದಿನಕ್ಕೆ 43.2 ಗಿಗಾಬೈಟ್ ಆಗುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 172.8 ಗಿಗಾಬೈಟ್. 1 ಟೆರಾಬೈಟ್, ಅಂದರೆ 1,000 ಗಿಗಾಬೈಟ್‌ನ ಹಾರ್ಡ್ ಡಿಸ್ಕ್ ಆರನೆಯ ದಿನ ಮುಗಿಯುವುದರೊಳಗೆ ತುಂಬಿಹೋಗುತ್ತದೆ. ಮೇಲೆ ಹೇಳಿದ ಕುಟುಂಬದ ನಷ್ಟದ ಮೂಲ ಈ ಗುಣಾಕಾರದಲ್ಲಿಯೇ ಇದೆ.

ಅದೇ ಕ್ಯಾಮೆರಾಗಳನ್ನು ಎಚ್. 265 ಕ್ರಮದಲ್ಲಿ 2 ಎಂ.ಬಿ.ಪಿ.ಎಸ್.ಗೆ ನಡೆಸಿದಲ್ಲಿ ಬಹುಮಟ್ಟಿಗೆ ಅಷ್ಟೇ ಸ್ಪಷ್ಟತೆ ದೊರೆಯುತ್ತದೆ, ಜಾಗ ಅರ್ಧಕ್ಕೆ ಇಳಿಯುತ್ತದೆ. ಆಗ ನಾಲ್ಕು ಕ್ಯಾಮೆರಾಗಳಿಗೆ ದಿನಕ್ಕೆ 86.4 ಗಿಗಾಬೈಟ್, 1 ಟೆರಾಬೈಟ್‌ನಲ್ಲಿ ಹನ್ನೊಂದು ದಿನ, 2 ಟೆರಾಬೈಟ್‌ನಲ್ಲಿ ಇಪ್ಪತ್ತಮೂರು ದಿನ, 4 ಟೆರಾಬೈಟ್‌ನಲ್ಲಿ ನಲವತ್ತಾರು ದಿನ. ಆದ್ದರಿಂದ ನಾಲ್ಕು ಕ್ಯಾಮೆರಾಗಳ ಮನೆಯವರು ಎಚ್. 265 ಸೌಲಭ್ಯವಿರುವ ರೆಕಾರ್ಡರ್ ಮತ್ತು 4 ಟೆರಾಬೈಟ್ ಡಿಸ್ಕ್ ತೆಗೆದುಕೊಂಡಲ್ಲಿ ಒಂದು ತಿಂಗಳನ್ನು ನಿಶ್ಚಿಂತೆಯಿಂದ ದಾಟಬಹುದು. ಸೆಕೆಂಡಿಗೆ 25 ಚಿತ್ರಗಳ ಬದಲು 15 ಚಿತ್ರಗಳನ್ನು ದಾಖಲಿಸಿ ಬಿಟ್ ದರವನ್ನು ಅದಕ್ಕೆ ತಕ್ಕಂತೆ ಇಳಿಸಿದರೆ ಇನ್ನೂ ಕೆಲವು ದಿನ ಸಿಗುತ್ತವೆ. ಮನೆಯ ಅಂಗಳದಲ್ಲಿ ನಡೆದು ಬರುವ ಮನುಷ್ಯನನ್ನು ಹಿಡಿಯಲು 15 ಚಿತ್ರ ಧಾರಾಳ.

ಮಾರಾಟಗಾರರು "ಇದರಲ್ಲಿ 30 ದಿನ ಬರುತ್ತದೆ" ಎಂದು ಹೇಳುವಾಗ ಅದು ಸತತ ದಾಖಲೆಯ ಲೆಕ್ಕವೋ, ಚಲನೆ ಕಂಡಾಗ ಮಾತ್ರ ದಾಖಲಿಸುವ ಲೆಕ್ಕವೋ ಎಂದು ಕೇಳತಕ್ಕದ್ದು. ಚಲನೆಯ ದಾಖಲೆ ಜಾಗವನ್ನು ಉಳಿಸುತ್ತದೆ ನಿಜ. ಆದರೆ ಅಂಗಳದಲ್ಲಿ ತೆಂಗಿನ ಗರಿ ಅಲುಗಾಡುವ ಮನೆಯಲ್ಲಿ ಅದು ಇಡೀ ರಾತ್ರಿ ನಡೆಯುತ್ತದೆ. ಬೆಳಕು ಮಂದವಿದ್ದಲ್ಲಿ ನಿಜವಾದ ಮನುಷ್ಯನನ್ನೇ ಬಿಟ್ಟುಬಿಡುವುದೂ ಉಂಟು. ಎಲ್ಲ ಹೊತ್ತು ಕಡಿಮೆ ದರದಲ್ಲಿ ದಾಖಲಿಸಿ, ಚಲನೆ ಕಂಡಾಗ ಮಾತ್ರ ದರವನ್ನು ಏರಿಸುವ ಸೌಲಭ್ಯವಿರುವ ರೆಕಾರ್ಡರ್ ಸಿಕ್ಕಿದಲ್ಲಿ ಅದನ್ನು ಆಯ್ದುಕೊಳ್ಳುವುದು ಲೇಸು.

ಹಾರ್ಡ್ ಡಿಸ್ಕ್ ವಿಚಾರದಲ್ಲಿ ಒಂದು ಮಾತು. ಮೇಜಿನ ಕಂಪ್ಯೂಟರ್‌ಗೆಂದು ತಯಾರಾದ ಡಿಸ್ಕನ್ನು ರೆಕಾರ್ಡರ್‌ಗೆ ಹಾಕಿದರೂ ಅದು ಕೆಲಸ ಮಾಡುತ್ತದೆ, ಆದರೆ ದಿನದ 24 ಗಂಟೆಯೂ ಬರೆಯುತ್ತಲೇ ಇರುವುದಕ್ಕೆ ಅದು ತಯಾರಾದುದಲ್ಲ. ಕಣ್ಗಾವಲಿಗೆಂದೇ ತಯಾರಾದ ಡಿಸ್ಕುಗಳು ಪ್ರತ್ಯೇಕವಾಗಿ ದೊರೆಯುತ್ತವೆ. ಬಿಲ್ಲಿನಲ್ಲಿ ಡಿಸ್ಕಿನ ಮಾದರಿ ಮತ್ತು ಕ್ರಮಸಂಖ್ಯೆಯನ್ನು ಬರೆಯಿಸಿಕೊಳ್ಳತಕ್ಕದ್ದು. ಹಳೆಯ ಡಿಸ್ಕನ್ನು ಹೊಸ ಪೆಟ್ಟಿಗೆಯಲ್ಲಿ ಹಾಕಿಕೊಡುವುದನ್ನು ಇದೊಂದೇ ತಡೆಯಬಲ್ಲದು.

ಮುಖ ಗುರುತು ಸಿಗುವುದೇ

ದೃಶ್ಯ ಉಳಿದಿದ್ದರೂ ಅದರಲ್ಲಿ ಮುಖ ತಿಳಿಯದಿದ್ದರೆ ತನಿಖೆಗೆ ಆಗುವ ಸಹಾಯ ಅಲ್ಪ. ಈ ಬಗ್ಗೆ ಐ.ಇ.ಸಿ. 62676-4 ಎಂಬ ಅಂತರರಾಷ್ಟ್ರೀಯ ಮಾನಕದ 2014ರ ಆವೃತ್ತಿಯು ಒಂದು ಅಳತೆಯನ್ನು ನೀಡಿತ್ತು. ಪರಿಚಿತ ವ್ಯಕ್ತಿಯನ್ನು ಇಂಥವನೇ ಎನ್ನಲು ಆ ವ್ಯಕ್ತಿ ನಿಂತ ಸ್ಥಳದಲ್ಲಿ ಪ್ರತಿ ಮೀಟರಿಗೆ 125 ಪಿಕ್ಸೆಲ್, ಅಪರಿಚಿತನನ್ನು ಸಂದೇಹವಿಲ್ಲದೆ ಗುರುತಿಸಲು 250 ಪಿಕ್ಸೆಲ್ ಬೇಕು. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 1,920 ಪಿಕ್ಸೆಲ್. 30×40 ಅಡಿ ನಿವೇಶನದ 30 ಅಡಿ ಮುಂಭಾಗವನ್ನು, ಅಂದರೆ 9 ಮೀಟರಿಗೆ ಸ್ವಲ್ಪ ಹೆಚ್ಚಿನ ಅಗಲವನ್ನು, ಒಂದೇ ಕ್ಯಾಮೆರಾದಲ್ಲಿ ಪೂರ್ತಿ ತೋರಿಸಿದಲ್ಲಿ ಮೀಟರಿಗೆ ಸುಮಾರು 210 ಪಿಕ್ಸೆಲ್ ಬೀಳುತ್ತದೆ. ಮನೆಯವರಿಗೆ ಗೊತ್ತಿರುವವನಾದರೆ ಸಾಕು. ಎಂದೂ ಕಾಣದವನಾದರೆ ಸಾಲದು. ರಸ್ತೆಯನ್ನೂ ಸೇರಿಸಿ 20 ಮೀಟರ್ ಅಗಲ ತೋರಿಸಿದರೆ ಅದು 96ಕ್ಕೆ ಇಳಿಯುತ್ತದೆ. ಎಲ್ಲವನ್ನೂ ನೋಡುವ ಒಂದು ಕ್ಯಾಮೆರಾಕ್ಕಿಂತ ಗೇಟಿನ ನಾಲ್ಕು ಮೀಟರ್ ಅಗಲವನ್ನು ಮಾತ್ರ ನೋಡುವ ಕ್ಯಾಮೆರಾ ತನಿಖೆಯಲ್ಲಿ ಹೆಚ್ಚು ಉಪಯುಕ್ತ.

ಇಲ್ಲಿ ರೆಕಾರ್ಡರ್‌ನ ಪಾತ್ರವನ್ನು ಹಲವರು ಗಮನಿಸುವುದಿಲ್ಲ. ಕೆಲವು ಅಗ್ಗದ ಡಿ.ವಿ.ಆರ್.ಗಳ ಮೇಲೆ 1080-ಎನ್ ಅಥವಾ 1080 ಲೈಟ್ ಎಂದು ನಮೂದಾಗಿರುತ್ತದೆ. ಕ್ಯಾಮೆರಾ 1,920 ಪಿಕ್ಸೆಲ್ ಅಗಲವನ್ನು ಕಳುಹಿಸಿದರೂ ಅಂತಹ ಪೆಟ್ಟಿಗೆಯು 960 ಪಿಕ್ಸೆಲ್ ಮಾತ್ರ ದಾಖಲಿಸುತ್ತದೆ. ನೇರವಾಗಿ ನೋಡುವಾಗ ಟಿ.ವಿ. ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕೊರತೆ ತಿಳಿಯುವುದು ದಾಖಲಾದ ದೃಶ್ಯವನ್ನು ತೆಗೆದು ದೊಡ್ಡದು ಮಾಡಿದಾಗ. ಹೀಗಾಗಿ ಹಣ ಪಾವತಿಸುವ ಮೊದಲು, ರಾತ್ರಿಯ ಹೊತ್ತು, ಮನೆಯವರೊಬ್ಬರು ಗೇಟಿನಿಂದ ಬಾಗಿಲಿನವರೆಗೆ ನಡೆದು ಬಂದು, ಆ ದಾಖಲಾದ ದೃಶ್ಯವನ್ನು ಪೆನ್ ಡ್ರೈವ್‌ಗೆ ಇಳಿಸಿ ಬೇರೊಂದು ಕಂಪ್ಯೂಟರಿನಲ್ಲಿ ನೋಡುವುದು ಅಗತ್ಯ. ಹಗಲು ಹೊತ್ತಿನ ನೇರ ಪ್ರದರ್ಶನದಿಂದ ತೃಪ್ತರಾಗತಕ್ಕದ್ದಲ್ಲ.

ಮಲೆನಾಡು ಮತ್ತು ಕರಾವಳಿಯ ಜಿಲ್ಲೆಗಳಲ್ಲಿ ಮಳೆಗಾಲದ ರಾತ್ರಿಗಳು ಕ್ಯಾಮೆರಾಗಳಿಗೆ ಕಷ್ಟದ ಕಾಲ. ಕ್ಯಾಮೆರಾದ ಅತಿಗೆಂಪು ದೀಪದ ಬೆಳಕು ಮಳೆಹನಿಗೆ ತಾಗಿ ಹಿಂದಿರುಗಿ ಚಿತ್ರವೆಲ್ಲ ಬಿಳಿಯ ಗೆರೆಯಾಗುತ್ತದೆ. ಅದೇ ದೀಪಕ್ಕೆ ಹುಳು ಬರುತ್ತವೆ, ಹುಳುವಿಗಾಗಿ ಜೇಡ ಬಲೆ ಕಟ್ಟುತ್ತದೆ, ಬಲೆ ಅಲುಗಿದಾಗಲೆಲ್ಲ ಚಲನೆಯ ಎಚ್ಚರಿಕೆ ಬರುತ್ತದೆ. ಸೂರಿನ ಕೆಳಗೆ ಕ್ಯಾಮೆರಾ, ಅದರಿಂದ ಸ್ವಲ್ಪ ದೂರದಲ್ಲಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಎಲ್.ಇ.ಡಿ. ಬಲ್ಬು, ತಿಂಗಳಿಗೊಮ್ಮೆ ಒಂದು ಪೊರಕೆ. ಇದಕ್ಕಿಂತ ದುಬಾರಿ ಪರಿಹಾರದ ಅಗತ್ಯ ಬೀಳುವುದು ವಿರಳ.

ಪೆಟ್ಟಿಗೆಯ ಸ್ಥಳ ಮತ್ತು ವಿದ್ಯುತ್

ರೆಕಾರ್ಡರ್ ಅನ್ನು ಹಜಾರದಲ್ಲಿ ಟಿ.ವಿ.ಯ ಪಕ್ಕ ಇಡುವುದು ರೂಢಿ. ಕಳ್ಳರಿಗೂ ಈ ರೂಢಿ ತಿಳಿದಿದ್ದು, ಹೊರಡುವಾಗ ಪೆಟ್ಟಿಗೆಯನ್ನೇ ಕಿತ್ತೊಯ್ಯುತ್ತಾರೆ. ಗಾಳಿಯಾಡುವ ಕಿಂಡಿಯುಳ್ಳ ಕಬ್ಬಿಣದ ಪೆಟ್ಟಿಗೆಯೊಳಗೆ ಬೀಗ ಹಾಕಿ, ಅಟ್ಟದ ಮೇಲೋ ಉಗ್ರಾಣದಲ್ಲಿಯೋ ಕಾಣದಂತೆ ಇರಿಸಿ, ಟಿ.ವಿ.ಗೆ ಉದ್ದನೆಯ ಕೇಬಲ್ ಎಳೆದುಕೊಳ್ಳುವುದು ಸೂಕ್ತ. ಪೂರ್ತಿ ಮುಚ್ಚಿದ ಮರದ ಬೀರುವಿನಲ್ಲಿ ಇಟ್ಟಲ್ಲಿ ಬಿಸಿಯಿಂದ ಡಿಸ್ಕ್ ಬೇಗ ಕೆಡುತ್ತದೆ.

ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆರಿಸಿ ಹೋಗುವ ಒಳ್ಳೆಯ ಅಭ್ಯಾಸವು ನಮ್ಮ ಮನೆಗಳಲ್ಲಿದೆ. ಆದರೆ ಅದರೊಂದಿಗೆ ಕ್ಯಾಮೆರಾಗಳೂ ಆರಿಹೋಗುತ್ತವೆ. ಕಾವಲು ಬೇಕಾದ ದಿನಗಳಲ್ಲಿಯೇ ಕಾವಲು ಇಲ್ಲದಂತಾಗುತ್ತದೆ. ರೆಕಾರ್ಡರ್, ಕ್ಯಾಮೆರಾ ಮತ್ತು ಅಂತರ್ಜಾಲದ ರೂಟರ್ ಈ ಮೂರಕ್ಕೆ ಪ್ರತ್ಯೇಕ ಎಂ.ಸಿ.ಬಿ. ಹಾಕಿಸಿ, ಉಳಿದೆಲ್ಲವನ್ನೂ ಆರಿಸಿದರೂ ಅದೊಂದು ಉಳಿಯುವಂತೆ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿಕೊಳ್ಳತಕ್ಕದ್ದು. ನಾಲ್ಕು ಕ್ಯಾಮೆರಾಗಳ ವ್ಯವಸ್ಥೆಯ ವಿದ್ಯುತ್ ಬಳಕೆ ಸಾಮಾನ್ಯವಾಗಿ ಒಂದು ಹಳೆಯ ಟ್ಯೂಬ್‌ಲೈಟಿನಷ್ಟು ಮಾತ್ರ ಇರುವುದರಿಂದ ಮನೆಯ ಇನ್ವರ್ಟರ್ ಅದನ್ನು ಹಲವು ಗಂಟೆ ನಡೆಸಬಲ್ಲದು. ಗುಡುಗು ಸಿಡಿಲಿನ ಪ್ರದೇಶದಲ್ಲಿ ಸರ್ಜ್ ರಕ್ಷಕ ಮತ್ತು ಸರಿಯಾದ ಅರ್ಥಿಂಗ್ ಕಡ್ಡಾಯವೆಂದೇ ಭಾವಿಸಬೇಕು, ಏಕೆಂದರೆ ಹೊರಗಿನ ಕೇಬಲ್ ಮೂಲಕ ಬಂದ ಸಿಡಿಲಿನ ಹೊಡೆತವು ರೆಕಾರ್ಡರ್‌ನವರೆಗೆ ತಲುಪುತ್ತದೆ.

ಗಡಿಯಾರ ಮತ್ತು ಗುಪ್ತಪದ

ದೃಶ್ಯದ ಮೂಲೆಯಲ್ಲಿ ಮೂಡುವ ದಿನಾಂಕ ಮತ್ತು ಸಮಯವು ಸಾಕ್ಷ್ಯದ ಭಾಗ. ಹಲವು ಪೆಟ್ಟಿಗೆಗಳು ವಿದೇಶದ ಸಮಯದೊಂದಿಗೆ ಬಂದು ಹಾಗೆಯೇ ಉಳಿದಿರುತ್ತವೆ. ಒಳಗಿನ ಚಿಕ್ಕ ಬ್ಯಾಟರಿ ಮುಗಿದಲ್ಲಿ ವಿದ್ಯುತ್ ಹೋದಾಗಲೆಲ್ಲ ವರ್ಷಗಳ ಹಿಂದಕ್ಕೆ ಜಾರುತ್ತವೆ. ಅಂತರ್ಜಾಲದ ಮೂಲಕ ಸಮಯವನ್ನು ತಾನೇ ಸರಿಪಡಿಸಿಕೊಳ್ಳುವ ಎನ್.ಟಿ.ಪಿ. ಸೌಲಭ್ಯವನ್ನು ಚಾಲನೆಯಲ್ಲಿಡಬೇಕು. ಅದಿಲ್ಲದವರು ತಿಂಗಳಿಗೊಮ್ಮೆ ಮೊಬೈಲಿನ ಸಮಯದೊಂದಿಗೆ ಹೋಲಿಸಿ ನೋಡಬೇಕು.

ಗುಪ್ತಪದದ ಬಗ್ಗೆ ಅಸಡ್ಡೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2016ರ ಮಿರಾಯ್ ಪ್ರಕರಣವೇ ಉದಾಹರಣೆ. ತಯಾರಕರು ಕೊಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಅಸಂಖ್ಯ ಕ್ಯಾಮೆರಾ ಮತ್ತು ಡಿ.ವಿ.ಆರ್.ಗಳನ್ನು ವಶಪಡಿಸಿಕೊಂಡ ಒಂದು ಕುತಂತ್ರಾಂಶವು ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ದೊಡ್ಡ ಜಾಲತಾಣಗಳನ್ನೇ ಕೆಲವು ಗಂಟೆ ನಿಲ್ಲಿಸಿತು. ಮನೆಯ ಮಟ್ಟದಲ್ಲಿ ಅಪಾಯ ಇನ್ನೂ ಹತ್ತಿರದ್ದು: ಮಲಗುವ ಕೋಣೆಯ ದೃಶ್ಯ ಅಪರಿಚಿತರ ಕೈ ಸೇರುವುದು. ಕೇಂದ್ರ ಸರ್ಕಾರದ 2024ರ ಆದೇಶದ ಅನ್ವಯ 2025ರ ಏಪ್ರಿಲ್‌ನಿಂದ ಸಿ.ಸಿ. ಟಿ.ವಿ. ಕ್ಯಾಮೆರಾಗಳು ಭದ್ರತಾ ಪರೀಕ್ಷೆಗೆ ಒಳಪಟ್ಟು ಕಡ್ಡಾಯ ನೋಂದಣಿ ಪಡೆಯಬೇಕಾಗಿದೆ. ಕೊಳ್ಳುವಾಗ ಬಿ.ಐ.ಎಸ್. ನೋಂದಣಿ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ನೋಡಿಕೊಳ್ಳತಕ್ಕದ್ದು. ಹೆಸರಿಲ್ಲದ ಅಗ್ಗದ ಕ್ಯಾಮೆರಾಗಳನ್ನು ಮನೆಯೊಳಗೆ ತರದಿರುವುದೇ ಒಳಿತು.

ಅಳವಡಿಸಿದವರ ಮೊಬೈಲ್ ಸಂಖ್ಯೆಯ ಖಾತೆಯಲ್ಲಿಯೇ ರೆಕಾರ್ಡರ್ ನೋಂದಾಯಿತವಾಗಿ ಉಳಿಯುವುದು ಮತ್ತೊಂದು ಸಾಮಾನ್ಯ ತೊಂದರೆ. ಅಂತಹ ಸಂದರ್ಭದಲ್ಲಿ ಮಾಲೀಕರು ತಮ್ಮ ಮನೆಯನ್ನು ನೋಡಲು ಬೇರೊಬ್ಬರ ಅನುಮತಿ ಪಡೆಯಬೇಕಾಗುತ್ತದೆ, ಆ ವ್ಯಕ್ತಿಯಾದರೋ ಅನುಮತಿಯಿಲ್ಲದೆ ನೋಡಬಲ್ಲ. ಕೆಲಸ ಮುಗಿದ ದಿನವೇ ಖಾತೆಯನ್ನು ಮಾಲೀಕರ ಸಂಖ್ಯೆಗೆ ಬದಲಿಸಿ, ಆಡಳಿತ ಗುಪ್ತಪದವನ್ನು ಮಾಲೀಕರೇ ಹೊಸದಾಗಿ ಹಾಕಿ, ಅದನ್ನು ಮನೆಯ ಕಾಗದಪತ್ರಗಳ ಜೊತೆ ಬರೆದಿಡಬೇಕು. ಗುಪ್ತಪದ ಮರೆತ ಪೆಟ್ಟಿಗೆಯಿಂದ ದೃಶ್ಯ ತೆಗೆಯಲು ಆಗುವ ವಿಳಂಬದಲ್ಲಿ ಹಳೆಯ ದೃಶ್ಯವು ಅಳಿದುಹೋಗುವ ಸಂಭವವಿರುತ್ತದೆ.

ನೆರೆಹೊರೆಯವರ ಖಾಸಗಿತನ

ಕ್ಯಾಮೆರಾದ ಮುಖ ಸ್ವಂತ ಗೇಟು, ಅಂಗಳ ಮತ್ತು ಬಾಗಿಲಿನ ಕಡೆಗಿರಬೇಕು. ಪಕ್ಕದ ಮನೆಯ ಕಿಟಕಿ ಅಥವಾ ಸ್ನಾನಗೃಹದ ಭಾಗ ಚಿತ್ರದಲ್ಲಿ ಬರುವಂತಿದ್ದರೆ ರೆಕಾರ್ಡರ್‌ನಲ್ಲಿ ಆ ಭಾಗವನ್ನು ಕಪ್ಪು ಪಟ್ಟಿಯಿಂದ ಮುಚ್ಚುವ ಸೌಲಭ್ಯವಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ವ್ಯಕ್ತಿಯ ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಇ ಕಲಮಿನಡಿ ಮೂರು ವರ್ಷದವರೆಗಿನ ಕಾರಾವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಪಡಿಸುವ ಅಪರಾಧ. ಮಹಿಳೆಯ ಖಾಸಗಿ ಕ್ರಿಯೆಯನ್ನು ಕದ್ದು ನೋಡುವುದು ಅಥವಾ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಡಿ ಅಪರಾಧ. ಒಂದೇ ಮನೆಯಲ್ಲಿ ವಾಸಿಸುವ ಸಹವಾಸಿಯ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವುದು ಖಾಸಗಿತನದ ಉಲ್ಲಂಘನೆಯೆಂದು ಕಲ್ಕತ್ತಾ ಉಚ್ಚ ನ್ಯಾಯಾಲಯವು 2025ರಲ್ಲಿ ಅಭಿಪ್ರಾಯಪಟ್ಟಿದ್ದು, ಅದರ ವಿರುದ್ಧದ ಮನವಿಯನ್ನು ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ತಳ್ಳಿಹಾಕಿತು. ಮನೆಗೆಲಸದವರು ಮತ್ತು ಬಾಡಿಗೆದಾರರಿಗೆ ಕ್ಯಾಮೆರಾ ಇರುವ ವಿಷಯವನ್ನು ತಿಳಿಸಿ, ಕಾಣುವ ಸ್ಥಳದಲ್ಲಿ ಫಲಕ ಹಾಕುವುದು ಎಲ್ಲರಿಗೂ ಕ್ಷೇಮ.

ಘಟನೆ ನಡೆದ ಸಂದರ್ಭದಲ್ಲಿ

ಅಪರಾಧ ನಡೆಯುತ್ತಿರುವಾಗ ಅಥವಾ ನಡೆದದ್ದು ಕಂಡೊಡನೆ 112 ಸಂಖ್ಯೆಗೆ ಕರೆ ಮಾಡತಕ್ಕದ್ದು. ಬಳಿಕ ರೆಕಾರ್ಡರ್‌ನ ಕಡೆ ಗಮನ ಹರಿಸಬೇಕು. ಹಳೆಯ ದೃಶ್ಯದ ಮೇಲೆ ಹೊಸದು ಬರೆಯಲ್ಪಡುವುದನ್ನು ತಡೆಯಲು ಸಂಬಂಧಪಟ್ಟ ಅವಧಿಯನ್ನು ಲಾಕ್ ಮಾಡುವ ಸೌಲಭ್ಯವಿದ್ದರೆ ಅದನ್ನು ಬಳಸಬೇಕು. ಇಲ್ಲದಿದ್ದರೆ ಘಟನೆಗೆ ಹಿಂದಿನ ಹಾಗೂ ಮುಂದಿನ ಕೆಲವು ಗಂಟೆಗಳನ್ನೂ ಸೇರಿಸಿ ಪೆನ್ ಡ್ರೈವ್‌ಗೆ ಇಳಿಸಿಕೊಳ್ಳಬೇಕು. ಟಿ.ವಿ. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವುದು ಸರ್ವೇಸಾಮಾನ್ಯವಾಗಿದೆ. ಅದು ಸುದ್ದಿಗಾಗಬಹುದೇ ವಿನಾ ಮೂಲ ದಾಖಲೆಯ ಸ್ಥಾನದಲ್ಲಿ ನಿಲ್ಲಲಾರದು. ಗುಂಪುಗಳಲ್ಲಿ ಹಂಚಿದ ದೃಶ್ಯವು ಆರೋಪಿಯನ್ನು ಎಚ್ಚರಿಸುತ್ತದೆ, ಕೆಲವೊಮ್ಮೆ ಅಮಾಯಕರ ಮೇಲೆ ಸಂಶಯವನ್ನೂ ಹೊರಿಸುತ್ತದೆ. ಪೆಟ್ಟಿಗೆಯ ಗಡಿಯಾರವು ತಪ್ಪಿದ್ದರೆ ಅದನ್ನು ಆ ಹೊತ್ತಿನಲ್ಲಿ ಸರಿಪಡಿಸಲು ಹೋಗದೆ, ನಿಜವಾದ ಸಮಯಕ್ಕೂ ಅದಕ್ಕೂ ಎಷ್ಟು ನಿಮಿಷಗಳ ಅಂತರವಿದೆ ಎಂದು ಬರೆದುಕೊಂಡು ತನಿಖಾಧಿಕಾರಿಗೆ ತಿಳಿಸತಕ್ಕದ್ದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63(4)ನೆಯ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಅದರೊಂದಿಗೆ ಪ್ರಮಾಣಪತ್ರವಿರಬೇಕು. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 65-ಬಿ ಕಲಮಿನಡಿ ಇದ್ದ ಈ ಪ್ರಮಾಣಪತ್ರವು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜುಲೈನಲ್ಲಿ ಸ್ಪಷ್ಟಪಡಿಸಿತ್ತು. ಮೂಲ ಯಂತ್ರವನ್ನೇ ತಂದು ಅದರ ಮಾಲೀಕರು ಸಾಕ್ಷಿ ನುಡಿದಲ್ಲಿ ಮಾತ್ರ ಅದರ ಅಗತ್ಯವಿಲ್ಲವೆಂದೂ ಹೇಳಿತ್ತು. ಹೊಸ ಅಧಿನಿಯಮದ ಅನುಸೂಚಿಯಲ್ಲಿರುವ ನಮೂನೆಗೆ ಎರಡು ಭಾಗಗಳಿವೆ. 'ಎ' ಭಾಗವನ್ನು ದಾಖಲೆಯನ್ನು ಹಾಜರುಪಡಿಸುವವರು, 'ಬಿ' ಭಾಗವನ್ನು ತಜ್ಞರು ತುಂಬಬೇಕು. ಯಂತ್ರದ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಹಾಗೂ ಕಡತದ ಹ್ಯಾಶ್ ಮೌಲ್ಯವನ್ನು ಅದರಲ್ಲಿ ನಮೂದಿಸಬೇಕಾಗುತ್ತದೆ. ಹ್ಯಾಶ್ ಮೌಲ್ಯವೆಂದರೆ ಕಡತದಿಂದ ಲೆಕ್ಕ ಹಾಕಿ ಪಡೆಯುವ ಒಂದು ಉದ್ದನೆಯ ಗುರುತು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ರೆಕಾರ್ಡರ್‌ನ ಬಿಲ್ಲು ಮತ್ತು ಕ್ರಮಸಂಖ್ಯೆಯನ್ನು ಜೋಪಾನವಾಗಿ ಇಡಬೇಕೆಂದು ಹೇಳುವುದು ಖಾತರಿ ಸೇವೆಗಾಗಿ ಮಾತ್ರವಲ್ಲ, ಈ ಕಾರಣಕ್ಕಾಗಿಯೂ ಆಗಿದೆ.

ಠಾಣಾಧಿಕಾರಿಯು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 94ನೆಯ ಕಲಮಿನಡಿ ಲಿಖಿತ ಆದೇಶದ ಮೂಲಕ ದೃಶ್ಯವನ್ನು ಅಥವಾ ಯಂತ್ರವನ್ನು ಹಾಜರುಪಡಿಸುವಂತೆ ಸೂಚಿಸಬಹುದು. ನೆರೆಮನೆಯ ಕಳವಿಗೆ ಸಂಬಂಧಿಸಿ ತಮ್ಮ ಕ್ಯಾಮೆರಾದ ದೃಶ್ಯವನ್ನು ಕೇಳಿದಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ಹಾರ್ಡ್ ಡಿಸ್ಕ್ ಅಥವಾ ರೆಕಾರ್ಡರ್ ಅನ್ನು ವಶಕ್ಕೆ ಪಡೆದಾಗ ಅದರ ಕ್ರಮಸಂಖ್ಯೆ ನಮೂದಾಗಿರುವ ಮಹಜರಿನ ಪ್ರತಿ ಅಥವಾ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. ದೂರುದಾರರಿಗೆ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ನೀಡಲಾಗುತ್ತದೆ. ವಿಮೆ ಪರಿಹಾರಕ್ಕೆ ಅರ್ಜಿ ಸಲ್ಲಿಸುವವರಿಗೆ ಅದೂ, ಸ್ವೀಕೃತಿಯೂ ಎರಡೂ ಬೇಕಾಗುತ್ತವೆ. ಡಿಸ್ಕ್ ಠಾಣೆಯಲ್ಲಿರುವಷ್ಟು ದಿನ ಮನೆಯ ರೆಕಾರ್ಡರ್ ಖಾಲಿ ಉಳಿಯದಂತೆ ಬೇರೊಂದು ಡಿಸ್ಕನ್ನು ಅದೇ ದಿನ ಹಾಕಿಸಿಕೊಳ್ಳಬೇಕು.